ಮಾವ ರೊಟ್ಟಿ ತೆಗೆದುಕೊಂಡ ಭಾನುವಾರ

ಮಂಗಳವಾರ ಮಧ್ಯಾಹ್ನ,
ಹೊಲಿಗೆ ಅಂಗಡಿಯಿಂದ

ನಮ್ಮ ಮನೆಯ ಮೆಣಸಿನಕಾಯಿಗೆ ಅತ್ತಿಗೆಯ ತುಂಬು ಪ್ರೀತಿ.

ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಎದೆ ಹಿಡಿದುಕೊಂಡೇ ಓದುತ್ತೀಯ: ನಿಮ್ಮಪ್ಪ ಚೆನ್ನಾಗಿದ್ದಾರೆ. ಹೃದಯ ದುರ್ಬಲವಾಗಿದೆ ಎಂದು ಡಾಕ್ಟರು ಹೇಳಿದ್ದು ಹಾಗೇ ಇದೆ, ನಾಲಿಗೆ ಮಾತ್ರ ಮೊದಲಿಗಿಂತ ಗಟ್ಟಿಯಾಗಿದೆ. ಊಟಕ್ಕೆ ಉಪ್ಪು ಕಡಿಮೆ ಹಾಕಿದ್ದಕ್ಕೆ ನಿನ್ನೆ "ನಾನಿನ್ನೂ ಸತ್ತಿಲ್ಲ ಕಣಮ್ಮಾ" ಎಂದರು.

ಈಗ ಕೂತುಕೊಂಡು ಓದು. ಬರುವ ಭಾನುವಾರ ಮಾವನಿಗೆ ದೀಕ್ಷಾಸ್ನಾನ.

ನಂಬಿಕೆ ಬರುತ್ತಿಲ್ಲ ಅಲ್ಲವೇ? ನನಗೂ ಇನ್ನೂ ಪೂರ್ತಿ ಬಂದಿಲ್ಲ. ಸಿನಿಮಾ ಟಾಕೀಸಿನ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಲೇ ಮುದುಕರಾದವರು ಅವರು. ಟಿಕೆಟ್ ಇಲ್ಲದವನು ದೊರೆಯ ಮಗನಾದರೂ ಒಳಗೆ ಬಿಟ್ಟವರಲ್ಲ. ರಕ್ಷಣೆ ಹೊಂದುವವರನ್ನು ದೇವರು ಲೋಕ ಹುಟ್ಟುವ ಮೊದಲೇ ಆರಿಸಿಟ್ಟಿದ್ದಾನೆ ಎಂದು ನಮ್ಮ ಚರ್ಚಿನ ಸಭೆಯಲ್ಲಿ ಕೇಳಿದ್ದೇ ತಡ, ಅದನ್ನೂ ಅದೇ ಲೆಕ್ಕದಲ್ಲಿ ಹಿಡಿದರು. "ನನ್ನ ಹೆಸರು ಇದೆಯೋ ಇಲ್ಲವೋ, ಕರೆಯದೆ ನುಗ್ಗೋ ಅಭ್ಯಾಸ ನನಗಿಲ್ಲ" ಎಂದು ಕೊನೆಯ ಬೆಂಚಿನಲ್ಲಿ ಕೂತವರು ಕೂತೇ ಇದ್ದರು. ಒಂದು ಭಾನುವಾರವೂ ತಪ್ಪಿಸಲಿಲ್ಲ. ದೀಕ್ಷಾಸ್ನಾನ ಆಗದವರು ಪ್ರಭುಭೋಜನದ ರೊಟ್ಟಿ ತಿನ್ನಬಾರದೆಂಬುದು ನಮ್ಮ ಸಭೆಯ ಕಟ್ಟುಪಾಡಲ್ಲವೇ? ತಟ್ಟೆ ಬಂದಾಗ ಎರಡೂ ಕೈಯಲ್ಲಿ ಹಿಡಿದು, ರೊಟ್ಟಿ ಮುಟ್ಟದೆ ಪಕ್ಕದವರಿಗೆ ದಾಟಿಸುತ್ತಿದ್ದರು. ಮಾವ ಹೀಗೇ ಹೊರಗಿನವರಾಗಿ ಕಣ್ಣು ಮುಚ್ಚಿಬಿಟ್ಟರೆ ಎಂಬ ಭಯ ನಿನಗಿದ್ದಷ್ಟೇ ನನಗೂ ಇತ್ತು.

ಸಭಾಪಾಲಕರಾದ ನಿಮ್ಮಣ್ಣನಾದರೂ ಏನು ಮಾಡಿದರು? ಬಾಗಿಲು ಎಲ್ಲರಿಗೂ ತೆರೆದೇ ಇದೆ, ಬರುವುದು ಬಿಡುವುದು ಅಪ್ಪನ ಇಷ್ಟ, ಬಾಯಿಬಿಟ್ಟು ಕರಿ ಎಂದು ನಮ್ಮ ಅಡುಗೆಮನೆಯಲ್ಲಿ ನೀನು ಅವರೊಡನೆ ವಾದಿಸಿದಾಗ, "ಅಪ್ಪ ಆಯ್ದವರಲ್ಲಿ ಒಬ್ಬರೋ ಅಲ್ಲವೋ ಹೇಳೋಕೆ ನಾನ್ಯಾರು?" ಎಂದುಬಿಟ್ಟರು. ಅಂದು ತಟ್ಟೆ ಕುಕ್ಕಿ ಹೋದ ನೀನು ಮೂರು ವರ್ಷವಾದರೂ ಅವರ ಜೊತೆ ಮಾತಾಡಿಲ್ಲ. ನಡುವೆ ನನ್ನ ಪಾಡು ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಯಿತು.

ಮೊನ್ನೆ ಭಾನುವಾರ ರೊಟ್ಟಿಯ ತಟ್ಟೆ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗುವ ಸರದಿ ನನ್ನದು. ಮಾವನ ಮುಂದೆ ಹಿಡಿದೆ. ಎಂದಿನಂತೆ ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಒಂದು ಚೂರು ಎತ್ತಿ ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು ನುಂಗಿದರು. ಹಾಡು ಕಲಿಸುವ ಮೇಡಂ ಕೆಮ್ಮಿದ ಕೆಮ್ಮಿಗೆ ಇಡೀ ಸಭೆ ಹಿಂದೆ ತಿರುಗಿತು. ಮುಂದೆ ನಿಮ್ಮಣ್ಣ ಕಲ್ಲಾಗಿ ನಿಂತಿದ್ದರು.

ಆರಾಧನೆ ಮುಗಿದ ಮೇಲೆ, ಕುರ್ಚಿಗಳನ್ನು ಪೇರಿಸಿಟ್ಟ ಪಕ್ಕದ ಕೋಣೆಯಲ್ಲಿ, ಮಾವ ತಲೆ ತಗ್ಗಿಸಿ "ತಪ್ಪಾಯ್ತಪ್ಪಾ, ಕೈ ತಾನಾಗೇ ಹೋಯ್ತು" ಎಂದರು. ಈಗ ಕಟ್ಟುಪಾಡಿನ ಪಾಠ ಶುರುವಾಗುತ್ತದೆ ಎಂದುಕೊಂಡೆ. ನಿಮ್ಮಣ್ಣ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ತಾನಾಗೇ ಹೋಗೋ ಕೈ ಅಂತ ಇಲ್ಲಪ್ಪಾ. ದೇವರೇ ಹಿಡಿದು ಕರ್ಕೊಂಡು ಹೋಗಿದ್ದಾನೆ" ಎಂದರು. ಆಮೇಲೆ, ಸಭಾಪಾಲಕರಾದಂದಿನಿಂದ ಒಂದು ದಿನವೂ ಕೇಳದ ಮಾತು ಕೇಳಿದರು: "ದೀಕ್ಷಾಸ್ನಾನ ತಗೋತೀರಾ?"

ಮಾವ ಮಗನ ಮುಖವನ್ನೇ ನೋಡಿ, "ಇಷ್ಟು ವರ್ಷ ಕೇಳೋಕೆ ನಿನಗೇನು ಧಾಡಿಯಾಗಿತ್ತೋ?" ಎಂದರು.

ನೋಡಿದೆಯಾ ಕಥೆ! ದೇವರು ಎಬ್ಬಿಸಿದಾಗ ಅಪ್ಪನೇ ಬಂದು ಕೇಳಲಿ ಎಂದು ಮಗ ಕಾದರು, ಮಗ ಕರೆದರೆ ದೇವರು ಕರೆದಂತೆ ಎಂದು ಅಪ್ಪ ಕಾದರು. ದಿನಾ ಎದುರುಬದುರು ಕೂತು ಉಂಡವರು ಇವರು. ನನಗೆ ನಗುವೂ ಬಂತು, ಅಳುವೂ ಬಂತು.

ಈಗ ನನ್ನ ಮಡಿಲಲ್ಲಿ ಮಾವನ ಬಿಳಿ ನಿಲುವಂಗಿ ಇದೆ. ನೀರಿನಲ್ಲಿ ಮೇಲೆ ತೇಲದಂತೆ ಕೆಳಗಿನ ಅಂಚಿನೊಳಗೆ ಸೀಸದ ಗುಂಡುಗಳನ್ನು ಇಟ್ಟು ಹೊಲಿಯುತ್ತಿದ್ದೇನೆ. ಅವರಿಗೆ ಜೇಬೂ ಬೇಕಂತೆ. ನೀರಿಗೆ ಇಳಿಯಲು ಜೇಬೇಕೆ ಎಂದರೆ "ಕರವಸ್ತ್ರ ಇಟ್ಕೊಳ್ಳೋಕೆ" ಎಂದರು! ಅಂಗಡಿಯಲ್ಲಿ ಒಬ್ಬಳೇ ನಗುತ್ತಾ ಮಿಷನ್ ತುಳಿಯುತ್ತಿದ್ದೇನೆ. ಎಷ್ಟೋ ಕಾಲದ ಮೇಲೆ ಮನಸ್ಸು ಹಗುರವಾಗಿದೆ, ಕಣೇ.

"ಅವಳು ಬರಲಿ ಅಂತ ಬರಿ" ಎಂದು ನಿಮ್ಮಣ್ಣ ಹೇಳಿದರು. ಅವಳನ್ನೂ ದೇವರೇ ಕರೆತರಲಿ ಎಂದು ಕಾಯುತ್ತೀರಾ ಎಂದು ಕೇಳಿದೆ. ಮುಖ ಕೆಂಪಾಯಿತು. ಶುಕ್ರವಾರ ಬೆಳಗಿನ ಬಸ್ಸಿಗೆ ತಾವೇ ಬರುತ್ತಿದ್ದಾರೆ, ನಿನ್ನನ್ನು ಬಾಯಿಬಿಟ್ಟು ಕರೆಯಲು, ಆವತ್ತಿನ ಮಾತಿಗೆ ಕ್ಷಮೆ ಕೇಳಲು. ಬಾಗಿಲು ತೆಗೆಯುವುದು ಬಿಡುವುದು ನಿನ್ನಿಷ್ಟ, ಅದು ನಿನ್ನದೇ ಸಿದ್ಧಾಂತ ತಾನೇ? ಆದರೆ ಒದ್ದೆ ಬಟ್ಟೆಯಲ್ಲಿ ಮಾವ ಮೆಟ್ಟಿಲು ಹತ್ತುವಾಗ ಒಂದು ಕೈ ನಿಮ್ಮಣ್ಣ ಹಿಡಿಯುತ್ತಾರೆ, ಇನ್ನೊಂದನ್ನು ನೀನು ಹಿಡಿಯಬೇಕೆಂದು ನನಗೆ ಬಹಳ ಆಸೆ.

ನಿನ್ನ ದಾರಿ ನೋಡುತ್ತಿರುವ,
ಅತ್ತಿಗೆ

ತಾ.ಕ.: ಇದಿಷ್ಟು ನಿನ್ನ ಹೊಟ್ಟೆಯೊಳಗೇ ಇರಲಿ, ಅಣ್ಣನ ಕಿವಿಗೆ ಬೀಳುವುದು ಬೇಡ. ನಿನ್ನೆ ತೋಳಿನ ಅಳತೆ ತೆಗೆಯುವಾಗ ಮಾವ ಮೆಲ್ಲಗೆ "ಕೈ ತಾನಾಗಿ ಹೋಗ್ಲಿಲ್ಲ ಕಣಮ್ಮಾ" ಎಂದರು. ಡಾಕ್ಟರ ಮಾತು ಕೇಳಿದಂದಿನಿಂದ ಯೋಚಿಸಿ ಯೋಚಿಸಿ, ಬೇಕೆಂದೇ ತೆಗೆದುಕೊಂಡರಂತೆ. ಮಗ ಅಷ್ಟು ಸಂತೋಷಪಟ್ಟ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲವಂತೆ. ಹಾಗಾದರೆ ಆರಿಸಿಕೊಂಡದ್ದು ನೀವು, ದೇವರಲ್ಲ, ಕೊನೆಗೆ ಗೆದ್ದವಳು ನಿಮ್ಮ ಮಗಳೇ ಎಂದು ಚುಡಾಯಿಸಿದೆ. ಅಳತೆಯ ಟೇಪನ್ನು ಪಕ್ಕಕ್ಕೆ ಸರಿಸಿ ಕೇಳಿದರು: "ಹುಟ್ಟಿದಾಗಿಂದ ಒಂದು ನಿಯಮಾನೂ ಮೀರಿದವನಲ್ಲ ನಾನು. ಇಡೀ ಸಭೆ ಮುಂದೆ ಕೈ ಚಾಚೋ ಧೈರ್ಯ ನನಗೆ ಎಲ್ಲಿಂದ ಬಂತು, ಅದನ್ನ ಹೇಳು ನೋಡೋಣ."