ಕೂಸಿನ ವಕೀಲೆ

ತಂಗೀ,

ಮಗಳ ಮನೆ ತಲುಪಿ ವಾರವಾಯಿತು, ನನ್ನ ಮಂಡಿ ಮಾತ್ರ ಇನ್ನೂ ಬಸ್ಸಿನಲ್ಲೇ ಕೂತಿದೆ. ಮಗಳು ಹಾಲೂಡಿಸುವಾಗಲೂ ಗೋಡೆ ನೋಡುತ್ತಾಳೆ. ಹೆತ್ತಾಗಿನಿಂದ ಕೂಸಿನ ಮುಖ ನೋಡಿದ್ದೇ ಕಡಿಮೆಯಂತೆ.

ಮೂರು ತಿಂಗಳ ಕೂಸಿಗೂ ಮನಸ್ಸಿದೆ ಎಂದು ಆರೋಗ್ಯ ಇಲಾಖೆಗೆ ಕೊನೆಗೂ ಗೊತ್ತಾಗಿ, ಇವತ್ತು ಒಬ್ಬ ಕಾರ್ಯಕರ್ತೆಯನ್ನು ಮನೆಗೆ ಕಳಿಸಿತ್ತು. ಅವಳು ತೂಕ ನೋಡಲಿಲ್ಲ, ಸೂಜಿ ಚುಚ್ಚಲಿಲ್ಲ. ನೆಲದ ಮೇಲೆ ಕೂತು ಕೂಸಿನ ಪರ ವಕಾಲತ್ತು ವಹಿಸಿದಳು. ಕೂಸು ಅತ್ತಿತು, ನಾನು ಎದ್ದೆ.

“ಅಜ್ಜಿ, ನೀವು ಕೂತ್ಕೊಳ್ಳಿ,” ಎಂದು ನನ್ನನ್ನು ತಡೆದು, ಮಗಳತ್ತ ತಿರುಗಿ ಕೂಸಿನ ದನಿಯಲ್ಲಿ, “ಅಮ್ಮಾ, ನಂಗೆ ಅಜ್ಜಿ ಬೇಡ, ನೀನೇ ಬೇಕು,” ಎಂದಳು. ನನ್ನೆದುರೇ ನನ್ನ ಮೇಲೆ ದಾವೆ.

ಮಗಳು ಕೂಸನ್ನೆತ್ತಿ ಮುಖ ನೋಡಿದಳು. “ಏನೇ, ಅಜ್ಜಿ ಮೇಲೆ ಚಾಡಿ ಹೇಳ್ತೀಯಾ?” ಕೂಸು ಅಳು ನಿಲ್ಲಿಸಿ ಅವಳನ್ನೇ ನೋಡಿತು.

ಮಗಳು ಹುಟ್ಟಿದಾಗ ಇದೇ ಇಲಾಖೆ ಹಂಚಿದ ಪುಸ್ತಕದ ಹನ್ನೊಂದನೇ ಪುಟದಲ್ಲಿ ‘ಅತ್ತೊಡನೆ ಎತ್ತಿಕೊಂಡರೆ ಮಗು ಕೆಡುತ್ತದೆ’ ಎಂದಿತ್ತು. ನೀನು ಬೈದರೂ ನಾನು ಪಾಲಿಸಿದೆ. ಪುಸ್ತಕ ನನ್ನ ಬೀರುವಿನಲ್ಲಿದೆ. ರದ್ದಿಗೆ ಹಾಕು, ಮಗಳು ಊರಿಗೆ ಬಂದಾಗ ಕಣ್ಣಿಗೆ ಬೀಳುವುದು ಬೇಡ.

ಕಾಗದದಲ್ಲಿ ಜಾಗ ಮುಗಿಯಿತು.
ಅಕ್ಕ