ತಟ್ಟೆ ತಿರುಗಿಸುವ ಹೊತ್ತು

ಶಹಾಪುರ
೨೬ ಡಿಸೆಂಬರ್ ೧೯೫೬

ಸುಗಂಧಿಯ ಅಪ್ಪನವರಿಗೆ ದೇವಕಮ್ಮ ಮಾಡುವ ವಂದನೆಗಳು.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಶಾಲೆಯ ಪರೀಕ್ಷೆ, ಹಬ್ಬದ ಕೆಲಸ, ಅತ್ತೆಯವರ ಮೊಣಕಾಲು ನೋವು ಎಂದು ನೆಪ ಹೇಳಬಹುದು, ಯಾವುದೂ ಸುಳ್ಳಲ್ಲ. ಆದರೆ ನೀವು ಕೇಳಿದ್ದಕ್ಕೆ ಉತ್ತರ ಬರೆಯುವ ಕಸುವು ನನ್ನಲ್ಲಿರಲಿಲ್ಲ. ಹೈದರಾಬಾದು ಆಂಧ್ರಕ್ಕೆ ಸೇರಿತು, ನಾವು ಮೈಸೂರಿನವರಾದೆವು. ಅಲ್ಲೇ ಉಳಿಯುತ್ತೀರೋ ಕನ್ನಡದ ಕಡೆ ಬರುತ್ತೀರೋ ಎಂದು ನಿಮ್ಮ ಕಚೇರಿ ಕೇಳಿದೆ, ಈ ತಿಂಗಳು ಮುಗಿಯುವುದರೊಳಗೆ ಬರೆದುಕೊಡಬೇಕು. ನಾನು ಬಾ ಎಂದರೆ ಬರುವಿರಂತೆ, ಬೇಡವೆಂದರೆ ಇಲ್ಲವಂತೆ. ಮೂರು ವರ್ಷ ದೂರವಿದ್ದ ಮನುಷ್ಯ ಇಡೀ ಸಂಸಾರವನ್ನು ಒಂದು ಸಾಲಿನಲ್ಲಿ ಮಡಿಸಿ ನನ್ನ ಕೈಗಿಟ್ಟಿದ್ದೀರಿ.

ಮೊದಲು ಹಬ್ಬದ ಸುದ್ದಿ ಹೇಳುತ್ತೇನೆ.

ನಮ್ಮ ಚರ್ಚಿನ ಸಭೆಗೆ ಹೊಸ ಪಾದ್ರಿ ಅಯ್ಯನವರು ಬಂದಿದ್ದಾರೆ, ಮೈಸೂರು ಕಡೆಯವರು. ಒಳ್ಳೆಯವರು. ದಯವಿಟ್ಟು ಎನ್ನದೆ ಕುಡಿಯುವ ನೀರನ್ನೂ ಕೇಳುವುದಿಲ್ಲ. ನಾವು ಮಾತಾಡಿದರೆ ಜಗಳ ಹತ್ತಿತೆಂದು ಓಡಿ ಬರುತ್ತಾರೆ. ಹಬ್ಬದ ಹಾಡು ಕೇಳುತ್ತೇನೆಂದು ಒಂದು ಸಂಜೆ ಚರ್ಚಿನಲ್ಲಿ ಎಲ್ಲರನ್ನೂ ಸೇರಿಸಿದರು. ನಮ್ಮ ಕೆಂಪು ಆಲ್ಬಮ್ಮಿನ, ಯೇಸು ಹುಟ್ಟಿದ ರಾತ್ರಿಯ ಕುರುಬರ ಹಾಡು ಎತ್ತಿಕೊಂಡೆವು. ನಾನು ಮೇಲಿನ ದನಿ, ಶಂಕ್ರಮ್ಮ ಅದರ ಕೆಳಗಿನದು, ಅವಳ ಗಂಡ ಹುಲಗಪ್ಪ ಮೂರನೆಯದು. ನಿಮ್ಮದು, ಎಲ್ಲಕ್ಕೂ ಕೆಳಗಿನ ದನಿ, ಇಲ್ಲ. ನಡುವೆ ನಿಲ್ಲುವ ಜಾಗ ಬಂತು, ನಿಂತೆವು. ಹಿಂದೆ ಕೂತ ಜನವೆಲ್ಲ ಎಂದಿನಂತೆ ತಲೆ ತಗ್ಗಿಸಿ ಕಣ್ಣು ಮುಚ್ಚಿದರು. ಅಯ್ಯನವರು ಸ್ವಲ್ಪ ಕಾದು, ಮುಂದಿನದು ಮರೆತುಹೋಯಿತೇ ಎಂದರು.

"ಮರತಿಲ್ರಿ ಅಯ್ಯನವರ, ಇಲ್ಲಿ ನಿಂದರಬೇಕ್ರಿ" ಎಂದ ಹುಲಗಪ್ಪ.

ಯಾಕೆ ಎಂದು ಅವರು ಕೇಳಿದರೆ, "ಹಾಡ ಹಂಗ ಐತ್ರಿ" ಎಂದ.

ಅವರಿಗೆ ನಂಬಿಕೆ ಬರಲಿಲ್ಲ. ಮನೆಗೆ ಹೋಗಿ ಗ್ರಾಮಫೋನು, ತಟ್ಟೆಗಳ ಆಲ್ಬಮ್ ಎರಡನ್ನೂ ತಂದೆ. ಕೀಲಿ ಕೊಟ್ಟು ತಟ್ಟೆ ಇಟ್ಟೆ. ಅರ್ಧ ಹಾಡಾಯಿತು, ಮುಳ್ಳು ಕರಕರ ಅಂದಿತು. ತಟ್ಟೆ ಎತ್ತಿ ತಿರುಗಿಸಿ, ಮತ್ತೆ ಕೀಲಿ ಕೊಟ್ಟು, ಮುಳ್ಳು ಇಟ್ಟೆ. ಉಳಿದ ಅರ್ಧ ಶುರುವಾಯಿತು. ಅಯ್ಯನವರು ನಗಲಾರಂಭಿಸಿದರು ನೋಡಿ, ಕಣ್ಣಲ್ಲಿ ನೀರು ಬರುವ ತನಕ. ಹಾಡು ಉದ್ದವಾದ್ದರಿಂದ ಒಂದು ಮಗ್ಗುಲಲ್ಲಿ ಹಿಡಿಯದೆ ಎರಡಕ್ಕೆ ಹಂಚಿದ್ದಾರಂತೆ. ಹಾಡುವವರು ನಿಂತೇ ಇಲ್ಲವಂತೆ. ನಾವು ಮಾತ್ರ ಇಷ್ಟು ವರ್ಷ ತಟ್ಟೆ ತಿರುಗಿಸುವಷ್ಟು ಹೊತ್ತು ಚರ್ಚಿನಲ್ಲಿ ಸುಮ್ಮನೆ ನಿಂತಿದ್ದೇವೆ!

ನಮಗೆ ಯಾರು ಹೇಳಬೇಕಿತ್ತು? ಮಿಷನ್ನಿನ ಮಿಸ್ಸಮ್ಮನವರು ನಮ್ಮ ಮದುವೆಗೆ ಗ್ರಾಮಫೋನು, ಆಲ್ಬಮ್ ಕಾಣಿಕೆ ಕೊಟ್ಟು ತಮ್ಮ ದೇಶಕ್ಕೆ ಹೋದರು. ನಾಲ್ವರೂ ತಟ್ಟೆಯ ಮುಂದೆ ಕೂತು, ಒಬ್ಬೊಬ್ಬರು ಒಂದೊಂದು ದನಿಯನ್ನು ಕಿವಿಯಿಂದಲೇ ಹೆಕ್ಕಿಕೊಂಡೆವು. ಅದು ನಿಂತಲ್ಲಿ ನಿಂತೆವು. ರಜಾಕಾರರ ಗಲಾಟೆಯಲ್ಲಿ ಗಡಿ ದಾಟುವಾಗ ಎಲ್ಲರ ತಲೆಯ ಮೇಲೆ ಜೋಳದ ಚೀಲ, ನಿಮ್ಮ ತಲೆಯ ಮೇಲೆ ಕೌದಿಯಲ್ಲಿ ಸುತ್ತಿದ ಆಲ್ಬಮ್. ಗ್ರಾಮಫೋನನ್ನು ಪಕ್ಕದ ಮನೆಯ ಶರೀಫಾಬೀ ತನ್ನ ಮಂಚದ ಕೆಳಗಿಟ್ಟು ಕಾಪಾಡಿದಳು. ನಾವು ಮರಳಿದ ಮೇಲೆ, ಗಡಿಯಾಚೆಯಿಂದ ಬಾರದವರನ್ನು ಜನ ನೆನೆಯುತ್ತಿದ್ದದ್ದು ಆ ನಿಲ್ಲುವ ಹೊತ್ತಿನಲ್ಲೇ. ಅತ್ತೆಯವರು ಮಾವನನ್ನು, ಶಂಕ್ರಮ್ಮ ತನ್ನ ತಮ್ಮನನ್ನು. ಪ್ರಸಂಗದ ಉಪದೇಶಕ್ಕೆ ತೂಕಡಿಸುವವರು ಕೂಡ ಆ ಹೊತ್ತಿಗೆ ಎಚ್ಚರವಾಗಿರುತ್ತಿದ್ದರು.

ನಾನು ಯಾರನ್ನು ನೆನೆಯುತ್ತಿದ್ದೆ ಎಂದು ಕೇಳಬೇಡಿ. ಎರಡನೆಯ ಮಗ್ಗುಲು ಶುರುವಾಗುವುದು ಕೆಳಗಿನ ದನಿಯಿಂದ, ಅದೊಂದರಿಂದಲೇ. ನೀವು ಹೋದಾಗಿನಿಂದ ಅಲ್ಲಿಗೆ ಬಂದಾಗಲೆಲ್ಲ ನಾನು ಬಾಗಿಲ ಕಡೆಗೆ ಕಿವಿ ಇಟ್ಟಿರುತ್ತಿದ್ದೆ. ಕೊನೆಗೆ ಹುಲಗಪ್ಪನೇ ಒಡಕು ಗಂಟಲಲ್ಲಿ ಎತ್ತಿಕೊಳ್ಳುತ್ತಿದ್ದ. ಅವನ ತಪ್ಪಲ್ಲ, ಅವನ ದನಿ ಅಷ್ಟು ಕೆಳಕ್ಕೆ ಇಳಿಯುವುದಿಲ್ಲ.

ಈ ಸಲ ನಿಲ್ಲುವುದು ಬೇಡ ಎಂದರು ಅಯ್ಯನವರು, ಬಹಳ ಮೃದುವಾಗಿ. ನಿನ್ನೆ ಒಂದೇ ಉಸಿರಿಗೆ ಹಾಡಿ ಮುಗಿಸಿದೆವು. ಚೆನ್ನಾಗಿಯೇ ಆಯಿತು, ಎಲ್ಲರೂ ಹೊಗಳಿದರು. ಮನೆಗೆ ಬರುವಾಗ ಅತ್ತೆಯವರು ನನ್ನ ತೋಳು ಹಿಡಿದು ನಡೆಯುತ್ತಿದ್ದವರು ದಾರಿಯಲ್ಲೇ ನಿಂತುಬಿಟ್ಟರು.

"ದೇವಕಿ, ನನ್ನ ಮಗ ಬರಾಕ ಜಾಗಾನ ಇಡ್ಲಿಲ್ಲಲ್ಲ ನೀವು" ಎಂದರು.

ನನಗೆ ಸಿಟ್ಟು ಬಂತು. "ನಿಮ್ಮ ಮಗಗ ದಾರಿ ಗೊತ್ತೈತ್ರಿ ಅತ್ತಿ, ಜಾಗಾ ಯಾಕ ಬೇಕು?" ಎಂದುಬಿಟ್ಟೆ. ಹಬ್ಬದ ದಿನ ಹಾಗೆ ಅನ್ನಬಾರದಿತ್ತು. ಅವರು ಉಣ್ಣದೆ ಮಲಗಿದರು. ನಾನು ಉಂಡೆ, ಹಸಿವಾಗಿತ್ತು.

ಇನ್ನು ನಿಮ್ಮ ಪ್ರಶ್ನೆ. ಬಾ ಎಂದು ಕರೆಯುವುದು ನನಗೆ ಹೊಸದಲ್ಲ. ಗಲಾಟೆ ಅಡಗಿದ ಮೇಲೆ ನಾನು ಕಲಿಸುವ ಶಾಲೆ ತೆರೆಯಿತೆಂದು ನಾನು ಮೊದಲೇ ಮರಳಿ ಬಂದೆ. ನೀವು ಗಡಿಯಾಚೆಯ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸ ಹಿಡಿದಿದ್ದಿರಿ. ಬರ್ರಿ ಎಂದು ಬರೆದೆ, ಬಂದಿರಿ. ತಹಸೀಲಿನಲ್ಲಿ ಗುಮಾಸ್ತರಾದಿರಿ. ಕಚೇರಿಯಲ್ಲಿ ಉರ್ದು ಹೋಗಿ ಕನ್ನಡ ಬಂದು, ಮುತ್ತಿನಂಥ ನಿಮ್ಮ ಉರ್ದು ಅಕ್ಷರವನ್ನು ಕೇಳುವವರಿಲ್ಲದಾದಾಗ, "ನೀ ಕರದಿ ಅಂತ ಬಂದೆ" ಎಂದಿರಿ. ಸೂರು ಸೋರಿದರೂ ಅದೇ ಮಾತು, ಸಾರಿಗೆ ಉಪ್ಪು ಹೆಚ್ಚಾದರೂ ಅದೇ ಮಾತು. ಹಾಡಿದ್ದೇ ಹಾಡುವ ಕಿಸಬಾಯಿ ದಾಸ ಎಂದು ಮೊದಮೊದಲು ನಗುತ್ತಿದ್ದೆ. ನಮ್ಮ ಗಂಡುಕೂಸು ಜ್ವರದಲ್ಲಿ ಹೋಯಿತಲ್ಲ, ಮಣ್ಣು ಮಾಡಿ ಬಂದು ಹೊರಗೆ ಕೈಕಾಲು ತೊಳೆಯುವಾಗಲೂ ಅದನ್ನೇ ಅಂದಿರಿ. ಉಳಿದದ್ದನ್ನೆಲ್ಲ ನುಂಗಿದೆ. ಅದೊಂದು ಗಂಟಲಲ್ಲೇ ಉಳಿದಿದೆ. ಆಮೇಲೆ ನೀವಾಗಿಯೇ ಹೈದರಾಬಾದಿಗೆ ವರ್ಗ ಕೇಳಿಕೊಂಡು ಹೋದಿರಿ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಈಗಲೂ ಬೇಡ ಎಂದು ಬರೆಯಲಾರೆ, ಅದು ಸುಳ್ಳಾಗುತ್ತದೆ. ನೀವು ಬರಬೇಕು ಎಂದು ನನಗೆ ಬಹಳ ಆಸೆಯಿದೆ. ಸುಗಂಧಿ ಎತ್ತರವಾಗಿದ್ದಾಳೆ, ಲೆಕ್ಕದಲ್ಲಿ ಚುರುಕು, ಅಪ್ಪನಂತೆಯೇ ಮೂಗಿನ ತುದಿಯಲ್ಲಿ ಸಿಟ್ಟು. ಅತ್ತೆಯವರ ಕಣ್ಣು ಮಂಜಾಗಿದೆ. ಬೆಳಿಗ್ಗೆ ಬಾವಿಯ ನೀರು, ಹಗಲೆಲ್ಲ ಶಾಲೆ, ಸಂಜೆಗೆ ರೊಟ್ಟಿ ಬಡಿಯುವಾಗ ತೋಳು ಮೇಲೇಳುವುದಿಲ್ಲ. ನನಗೆ ಬೇಸರವಾಗಿದೆ, ಬೇಸರ ಎಂದರೆ ದುಃಖವಲ್ಲ, ದಣಿವು. ಪಕ್ಕದಲ್ಲಿ ಒಬ್ಬರು ಸುಮ್ಮನೆ ಕೂತಿದ್ದರೂ ಸಾಕು ಎನ್ನುವಂಥ ದಣಿವು.

ಆದರೆ ಬಾ ಎನ್ನುವ ಮಾತನ್ನು ಮಾತ್ರ ನನ್ನಿಂದ ಬರೆಸಿಕೊಳ್ಳಬೇಡಿ. ನೀವು ಕೇಳಿದ್ದು ನನ್ನ ಮನಸ್ಸನ್ನಲ್ಲ, ನಾಳೆ ನನ್ನ ಮೇಲೆ ಹೊರಿಸಲಿಕ್ಕೆ ಒಂದು ಮಾತನ್ನು. ಅದನ್ನು ಇನ್ನೊಮ್ಮೆ ಹೊರುವ ಶಕ್ತಿ ನನಗಿಲ್ಲ.

ಚಳಿ ಹೆಚ್ಚಾಗಿದೆ. ಕೆಮ್ಮಿದ್ದರೆ ಅಳಲೆಕಾಯಿ ತೇದು ನೆಕ್ಕಿರಿ.

ಇನ್ನೂ ನಿಮ್ಮವಳೇ ಆದ
ದೇವಕಮ್ಮ

ತಾ.ಕ.: ಕಾಗದವನ್ನು ಇವತ್ತು ಬರೆದು ಮುಗಿಸಿದ್ದೇನೆ. ಅಂಚೆಗೆ ಹಾಕುವುದು ಹೊಸ ವರ್ಷ ಬಂದ ಮೇಲೆ. ಇದು ನಿಮ್ಮ ಕೈ ಸೇರುವ ಹೊತ್ತಿಗೆ ನೀವು ಕಚೇರಿಗೆ ಏನು ಬರೆದುಕೊಡಬೇಕೋ ಅದನ್ನು ಕೊಟ್ಟಾಗಿರುತ್ತದೆ. ಉಳಿಯುತ್ತೇನೆಂದು ಬರೆದಿದ್ದರೆ ನನಗೆ ತಿಳಿಸುವ ತೊಂದರೆ ತೆಗೆದುಕೊಳ್ಳಬೇಡಿ, ನಿಮ್ಮ ತಾಯಿಗೆ ತಿಳಿಸಿ. ಬರುತ್ತೇನೆಂದು ಬರೆದಿದ್ದರೆ, ಆಗ ನನ್ನ ಕಾಗದ ಇನ್ನೂ ಶಹಾಪುರ ಬಿಟ್ಟಿರಲಿಲ್ಲ. ಯಾರೂ ಕರೆದಿರಲಿಲ್ಲ, ನೀವಾಗಿಯೇ ಬಂದಿರಿ.