ಆ ಕಣಿವೆಯಲ್ಲಿ ನಾನು ಅತ್ತದ್ದು

ಸೀಬ್
ನವೆಂಬರ್ 1995

ಸಂಕಪ್ಪಣ್ಣನಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಜಗಳ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡು ಮಾತು ಆಡುವುದರೊಳಗೆ ನೀನು ನಡುವೆ ಬಾಯಿ ಹಾಕುತ್ತೀಯ, ನಕ್ಕು ತೇಲಿಸುತ್ತೀಯ, ಕೊನೆಗೆ ನನಗೆ ಸಿಟ್ಟು ಬಂದದ್ದೇ ತಪ್ಪು ಎಂಬಂತಾಗುತ್ತದೆ. ಅದಕ್ಕೇ ಕಾಗದ. ಕುಂಞಮ್ಮದ್ ಬ್ಯಾರಿ ಅಂಗಡಿ ಸಾಮಾನು ಹಾಕಿಕೊಂಡು ನಿಮ್ಮ ಇಬ್ರಾ ಕಡೆ ಬರುವವರಿದ್ದಾರೆ, ಅವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅತ್ತಿಗೆಯ ಎದುರಿನಲ್ಲೇ ಓದು.

ಕಳೆದ ಶುಕ್ರವಾರ ಈ ಗಲ್ಫಿನಲ್ಲಿರುವ ನಮ್ಮೂರಿನವರೆಲ್ಲ ಊಟಕ್ಕೆ ಸೇರಿದ್ದಾಗ ನೀನು ಆಡಿದ ಮಾತಿನ ಬಗ್ಗೆಯೇ ಇದು. ಡಿಸೆಂಬರಿನಲ್ಲಿ ಮಕ್ಕಳನ್ನು ಆ ಕಣಿವೆಗೆ ಇಳಿಸಿ, ಒಂದು ರಾತ್ರಿ ಅಲ್ಲೇ ಉಳಿಸಿ ಕರೆತರೋಣ ಎಂದು ಎಲ್ಲರೂ ಒಪ್ಪಿದ್ದರು. ಮೋಹಿನಿಗೆ ಬೇಸಿಗೆ ರಜೆಯಿಂದಲೂ ಅದೇ ಜಪ. ಸಂಜೆ ಬೆನ್ನಿಗೆ ಬ್ಯಾಗು ಏರಿಸಿಕೊಂಡು ಸೀಬಿನ ಕಡಲ ದಂಡೆಯಲ್ಲಿ ನಡೆದು ನಡೆದು ಹೆಗಲು ಕೆಂಪು ಮಾಡಿಕೊಂಡು ಬರುತ್ತಿದ್ದಳು. ನೀನು ಕೈತೊಳೆದು ಬಂದು, ಟವೆಲಿನಲ್ಲಿ ಬಾಯಿ ಒರೆಸಿಕೊಳ್ಳುತ್ತ ಹೇಳಿದೆ: "ಹುಡುಗಿಯರು ಬೇಡ ಮಾರಾಯ್ರೇ. ಎಂಬತ್ತೆಂಟರಲ್ಲಿ ನನ್ನ ತಂಗಿಯನ್ನು ಕರ್ಕೊಂಡು ಹೋಗಿ ಪಟ್ಟ ಪಾಡೇ ಸಾಕು. ನೀರು ನೀರು ಅಂತ ಕೂತು ಅತ್ತದ್ದು ಅವಳು. ಅವಳಿಂದಾಗಿ ನಾವೆಲ್ಲ ಅರ್ಧದಲ್ಲಿ ತಿರುಗಿ ಬಂದದ್ದು." ಎಲ್ಲರೂ ನಕ್ಕರು. ಹುಡುಗಿಯರ ಮಾತು ಅಲ್ಲಿಗೆ ಖಲಾಸ್.

ಮನೆಗೆ ಬರುವಾಗ ಮೋಹಿನಿ ಕಾರಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಆಚೆ ನೋಡುತ್ತಲೇ, "ಅಮ್ಮಾ, ಡಿಡ್ ಯೂ ರಿಯಲಿ ಕ್ರೈ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ, "ನೀನು ಅತ್ತದ್ದಕ್ಕೆ ನಾನು ಯಾಕೆ ಮನೆಯಲ್ಲಿ ಕೂರಬೇಕು?" ಎಂದು ಕೇಳಿದಳು. ನಮ್ಮ ಕಡೆ ಸೋದರಮಾವನ ಮಾತೆಂದರೆ ತಂದೆಯ ಮಾತಿಗಿಂತ ಒಂದು ಕೈ ಮೇಲೆ. ಮಾವ ಹೇಳಿದ ಮೇಲೆ ಅದು ಸುಳ್ಳಿರಬಹುದೆಂದು ಅವಳಿಗೆ ಅನಿಸಲೇ ಇಲ್ಲ. ನನ್ನ ಮಗಳು ನನ್ನನ್ನು ನೋಡಿ ನಾಚಿಕೊಂಡಳು ಅಣ್ಣಾ. ಅಂದಿನಿಂದ ನನಗೆ ಮೈ ಉರಿಯುತ್ತಿದೆ.

ನೀನು ಮರೆತಿದ್ದರೆ ನಾನು ನೆನಪಿಸುತ್ತೇನೆ. ಅಕ್ಟೋಬರ್ ತಿಂಗಳು, ಸೆಕೆ ಇನ್ನೂ ಇಳಿದಿರಲಿಲ್ಲ. ಇನ್ನೊಂದು ತಿಂಗಳು ತಡೆಯಿರಿ ಎಂದು ನಮ್ಮವರು ಹೇಳಿದ್ದಕ್ಕೆ, "ನಿಮಗೆ ಎಲ್ಲದಕ್ಕೂ ಹೆದರಿಕೆ ಭಾವ" ಎಂದು ಅವರ ಬಾಯಿ ಮುಚ್ಚಿಸಿದೆ. ನೀನು, ಅತ್ತಿಗೆ, ನಾನು, ನಮ್ಮವರು, ಕುಂಞಮ್ಮದ್. ರುಸ್ತಾಕ್ ಪೇಟೆ ದಾಟಿ, ಬೆಟ್ಟದ ಮೇಲಿನ ಹಳ್ಳಿಯಲ್ಲಿ ಪಿಕಪ್ ನಿಲ್ಲಿಸಿ, ಆಡುಗಳ ದಾರಿಯಲ್ಲಿ ಕಣಿವೆಗೆ ಇಳಿದೆವು. ಕೆಳಗೆ ವರ್ಷವಿಡೀ ನೀರಿರುವ ಹೊಂಡ ಇದೆ ಎಂದು ನಿನಗೆ ಯಾರೋ ಹೇಳಿದ್ದರಂತೆ. ಸಂಜೆ ಅಲ್ಲಿಗೆ ಮುಟ್ಟಿದಾಗ ಇದ್ದದ್ದು ಬಿರುಕು ಬಿಟ್ಟ ಕೆಸರು, ಅದರ ಮೇಲೆ ಆಡಿನ ಹಿಕ್ಕೆ.

ಬೆನ್ನ ಮೇಲೆ ಹೊತ್ತು ತಂದ ಕ್ಯಾನುಗಳಲ್ಲಿ ನೀರಿತ್ತು. ಮರುದಿನ ಕಣಿವೆಯ ಉದ್ದಕ್ಕೂ ನಡೆದು ಆಚೆ ಬದಿಯ ಖರ್ಜೂರದ ತೋಟದ ಹಳ್ಳಿ ಮುಟ್ಟಲು ಅದು ಸಾಕಿತ್ತು. ಖುಬ್ಬೂಸ್ ರೊಟ್ಟಿ ಇತ್ತು, ಖರ್ಜೂರ ಇತ್ತು. "ಆ ಖುಬ್ಬೂಸ್ ತಿಂದರೆ ಹೊಟ್ಟೆ ತುಂಬ್ತದಾ? ಇವತ್ತು ಅಡುಗೆ ನನ್ನದು, ಹೆಂಗಸರು ಕೂತ್ಕೊಳ್ಳಿ" ಎಂದು ನೀನು ಚೀಲದಿಂದ ತೆಗೆದದ್ದು ಏನು? ಕುಚ್ಚಲಕ್ಕಿ! ಗ್ಯಾಸಿನ ಮೇಲೆ ಇಟ್ಟರೂ ಬೇಯಲು ಗಂಟೆಗಟ್ಟಲೆ ಹಿಡಿಯುವ ಅಕ್ಕಿಯನ್ನು ಮರಳುಗಾಡಿನ ಕಣಿವೆಗೆ ಹೊತ್ತು ತಂದ ಪುಣ್ಯಾತ್ಮ ನೀನೊಬ್ಬನೇ. "ಸಂಕಪ್ಪಣ್ಣ, ನೀರು ಸ್ವಲ್ಪ ನೋಡಿಕೊಳ್ಳಿ, ಮುಗಿದರೆ ಇಲ್ಲಿ ಅಂಗಡಿ ಉಂಟಾ?" ಎಂದು ಕುಂಞಮ್ಮದ್ ಹೇಳಿದ್ದು ನಿನ್ನ ಕಿವಿಗೇ ಬೀಳಲಿಲ್ಲ. ಮನೆಯಲ್ಲಿ ಒಂದು ದಿನ ಒಲೆ ಮುಟ್ಟದವನು ಅಲ್ಲಿ ಅಕ್ಕಿಯನ್ನು ಮೂರು ಮೂರು ನೀರಿನಲ್ಲಿ ತೊಳೆದೆ. ಬೇಯಲಿಲ್ಲವೆಂದು ಮತ್ತೆ ಸುರಿದೆ, ಮತ್ತೆ ಸುರಿದೆ. ಕೊನೆಗೆ ಪಾತ್ರೆಗೆ ಮುಚ್ಚಳ ಒತ್ತಿ ಹಿಡಿದು, ತೆಳಿಯನ್ನು ಕಲ್ಲಿನ ಮೇಲೆ ಬಸಿದುಬಿಟ್ಟೆ. ನಾನು "ಅಣ್ಣಾ, ತೆಳಿ ಚೆಲ್ಲಬೇಡ" ಎಂದು ಕಿರುಚಿಕೊಂಡು ಓಡಿ ಬಂದೆ. "ಬಸಿಯದೆ ಎಂತ ಅನ್ನ ಮಾರಾಯ್ತಿ?" ಎಂದೆ ನೀನು. ಕುಡಿಯಬಹುದಾಗಿದ್ದ ನೀರೆಲ್ಲ ನೋಡುನೋಡುತ್ತ ಮರಳಿಗೆ ಇಳಿದುಹೋಯಿತು. ಆ ಅನ್ನವೂ ಅರೆಬೆಂದಿತ್ತು.

ಬೆಳಿಗ್ಗೆ ಐದು ಜನಕ್ಕೆ ಉಳಿದದ್ದು ಎರಡು ಬಾಟಲಿ. ಮುಂದೆ ಹೋಗುವುದು ಬೇಡ, ಬಂದ ದಾರಿಯಲ್ಲೇ ಹತ್ತೋಣ ಎಂದವರು ನಮ್ಮವರು. ಅದು ಸರಿಯಾದ ಮಾತಾಗಿತ್ತು, ನೀನೂ ಒಪ್ಪಿದ್ದೆ. ನಾನು ಸುಸ್ತಾಗಿ ಕೂತದ್ದರಿಂದ ಅಲ್ಲ, ನೀರಿಲ್ಲದ್ದರಿಂದ ತಿರುಗಿದೆವು. ಬಿಸಿಲೇರಿದ ಮೇಲೆ ಅತ್ತಿಗೆಯ ತುಟಿ ಒಡೆದು ರಕ್ತ ಬಂತು. ನೀನು ನಿನ್ನ ಪಾಲಿನ ನೀರನ್ನು ಅವರಿಗೆ ಕೊಟ್ಟೆ. ನನಗೆ ಕುಡಿದು ಸಾಕಾಗಿದೆ ಎಂದು ಅವರಿಗೆ ಸುಳ್ಳು ಹೇಳಿ ಕೊಟ್ಟೆ. ನಾನು ನೋಡಿದ್ದೇನೆ, ಮರೆತಿಲ್ಲ.

ಅರ್ಧ ದಾರಿಯಲ್ಲಿ ಕುಸಿದು ಕೂತವನು ನೀನು. ಬಂಡೆಗೆ ಒರಗಿದೆ, ಕಾಲು ಸೆಟೆಯಿತು, ಕಣ್ಣು ಮುಚ್ಚಿದೆ. ಕರೆದರೆ ಉತ್ತರ ಇಲ್ಲ. ಕೆನ್ನೆ ತಟ್ಟಿದರೆ ತಲೆ ಪಕ್ಕಕ್ಕೆ ವಾಲಿತು. ಕುಂಞಮ್ಮದ್ ಚೀಲ ಬಿಸಾಡಿ ಮೇಲಕ್ಕೆ ಓಡಿದರು. ನಾನು ನಿನ್ನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸೆರಗಿನಿಂದ ನೆರಳು ಹಿಡಿದೆ. ಅಪ್ಪ ಹೋದ ಮೇಲೆ ನನಗೆ ಅಪ್ಪನ ಜಾಗದಲ್ಲಿ ಇದ್ದವನು ನೀನು. ಆಗ ಅತ್ತೆ ಅಣ್ಣಾ. ಅತ್ತದ್ದು ನಿಜ. ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿದ್ದರೂ ಗಟ್ಟಿಯಾಗಿ, ನಾಚಿಕೆ ಬಿಟ್ಟು ಅತ್ತೆ. ನೀರಿಗಾಗಿ ಅಲ್ಲ. ನೀನು ಸತ್ತೆ ಎಂದುಕೊಂಡು ಅತ್ತೆ.

ಮೇಲೆ ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳಿಂದ ಕುಂಞಮ್ಮದ್ ತೊಗಲಿನ ಚೀಲದಲ್ಲಿ ನೀರು ತಂದರು. ನೀನು ಗುಟುಕರಿಸಿದೆ, ಕಣ್ಣು ಬಿಟ್ಟೆ. ಮೊದಲು ಕಂಡದ್ದು ಅಳುತ್ತಿದ್ದ ನನ್ನ ಮುಖ. ನಿನ್ನ ಬ್ಯಾಗನ್ನೂ ನನ್ನ ಬ್ಯಾಗನ್ನೂ ನಾನೇ ಹೊತ್ತು ಹತ್ತಿದೆ. ಅತ್ತಿಗೆಗೆ ಗೊತ್ತು, ಕೇಳಿ ನೋಡು.

ವಾಪಸ್ ಬಂದ ಮೊದಲ ಶುಕ್ರವಾರ ನೀನು "ಕುಸುಮನಿಗೆ ಸ್ವಲ್ಪ ಸುಸ್ತಾಯ್ತು" ಎಂದೆ. ಅಣ್ಣನ ಮರ್ಯಾದೆ, ಹೋಗಲಿ ಎಂದು ನಾನೂ ನಕ್ಕೆ. ನಿನ್ನ ಕಥೆಯಲ್ಲಿ ಮರುವರ್ಷಕ್ಕೆ ನಾನು ಅತ್ತೆ. ಅದರ ಮರುವರ್ಷ ನೀನು ನನ್ನನ್ನು ಹೊತ್ತುಕೊಂಡೇ ಬಂದೆ! ಉಪ್ಪು ಖಾರ ಹಚ್ಚಲು ಒಂದು ಮಿತಿ ಬೇಡವೇ? ನಾನು ಬಾಯಿ ತೆರೆಯಲು ಹೋದಾಗಲೆಲ್ಲ ನಮ್ಮವರು ಮೆಲ್ಲಗೆ ಕೈ ಒತ್ತಿ, "ಬಿಡು, ನನಗೆ ಕೆಲಸ ಕೊಟ್ಟ ಕಫೀಲನನ್ನು ಹುಡುಕಿ ವೀಸಾ ಮಾಡಿಸಿದ್ದು ಅವರು" ಎನ್ನುತ್ತಿದ್ದರು. ವೀಸಾ ಮಾಡಿಸಿದವನು ತಂಗಿಯ ಕಣ್ಣೀರನ್ನೂ ತನ್ನ ಹೆಸರಿಗೆ ಬರೆಸಿಕೊಂಡಿದ್ದಾನೆಯೇ? ನಿನಗಾಗಿ ಅತ್ತದ್ದನ್ನೇ ಹಿಡಿದು ನನ್ನನ್ನು ಅಳುಬುರುಕಿ ಮಾಡಿದೆಯಲ್ಲ, ನಿನಗೆ ಹೇಗೆ ಮನಸ್ಸು ಬಂತು? ನೀರನ್ನು ಹೆಂಡತಿಗೆ ಬಿಟ್ಟುಕೊಟ್ಟವನು ಎಂದು ಹೇಳಿಕೊಂಡಿದ್ದರೆ ಈ ಸೀಬಿನಲ್ಲಿ ನಿನ್ನಷ್ಟು ದೊಡ್ಡ ಮನುಷ್ಯ ಇರುತ್ತಿರಲಿಲ್ಲ. ಆದರೆ ಅದನ್ನು ಹೇಳಬೇಕಾದರೆ ಬಿದ್ದದ್ದನ್ನೂ ಹೇಳಬೇಕು. ಅದೊಂದು ನಿನ್ನಿಂದಾಗದು.

ನನ್ನ ಬಗ್ಗೆ ಏನು ಬೇಕಾದರೂ ಹೇಳಿಕೊಂಡಿರು ಎಂದು ಇಷ್ಟು ವರ್ಷ ಬಿಟ್ಟೆ. ಈಗ ನನ್ನ ಮಗಳ ದಾರಿಗೆ ಅಡ್ಡ ಬಂದಿದ್ದೀಯ. ಇದನ್ನು ಬಿಡುವುದಿಲ್ಲ.

ಮೋಹಿನಿಗೆ ನಾನು ಇನ್ನೂ ಏನೂ ಹೇಳಿಲ್ಲ. ಮಾವನನ್ನು ಅವಳ ಕಣ್ಣಲ್ಲಿ ಸಣ್ಣವನು ಮಾಡಲು ನನಗೆ ಇಷ್ಟವಿಲ್ಲ, ನೀನು ನನಗೆ ಮಾಡಿದ್ದು ಅದೇ ಆದರೂ. ಈ ಶುಕ್ರವಾರ ಊಟಕ್ಕೆ ಮೊದಲು ನಮ್ಮ ಮನೆಗೆ ಬಾ. ಅವಳನ್ನು ಎದುರಿಗೆ ಕೂರಿಸಿಕೊಂಡು ನೀನೇ ಹೇಳು, ಅಂದು ಯಾರು ಬಿದ್ದರು, ಯಾರು ಯಾಕೆ ಅತ್ತರು ಎಂದು. ನೀನು ಬಾರದಿದ್ದರೆ ಎಲ್ಲರ ಎದುರಿನಲ್ಲಿ ಎದ್ದು ನಿಂತು ನಾನು ಹೇಳುತ್ತೇನೆ. ನಮ್ಮವರು ಕೈ ಒತ್ತಿದರೂ ಕೂರುವುದಿಲ್ಲ, ಅವರಿಗೂ ಹೇಳಿಯಾಗಿದೆ. ಏನೇ ಆಗಲಿ, ಡಿಸೆಂಬರಿನಲ್ಲಿ ಹುಡುಗಿಯರು ಇಳಿಯುತ್ತಾರೆ. ಅವರ ಮುಂದೆ ನಾನಿರುತ್ತೇನೆ.

ಅಣ್ಣನಿಗೆ ಬರೆದ ಕಾಗದದ ಕೊನೆಯಲ್ಲಿ ತಂಗಿ ಆಶೀರ್ವಾದ ಬೇಡಬೇಕು. ಈ ಸಲ ನನಗೆ ನಿನ್ನ ಆಶೀರ್ವಾದ ಬೇಡ. ಅದನ್ನು ನಿನ್ನ ಸೊಸೆ ಮೋಹಿನಿಗೆ ಮಾಡು, ಅವಳು ಹೊರಟಿದ್ದಾಳೆ.

ನಿನಗಾಗಿ ಅತ್ತವಳು,
ಕುಸುಮ